ಮೌನವು ಸಮ್ಮತಿಯೇ? – ಒಪ್ಪಿಗೆ ಎಂಬ ಮಾತಿನ ಚರಿತ್ರೆ

"ಮೌನಂ ಸಮ್ಮತಿ ಲಕ್ಷಣಂ" ಎಂಬ ಮಾತನ್ನು ಕೇಳಿ ಬೆಳೆಯದವರು ನಮ್ಮಲ್ಲಿ ವಿರಳ. ಹೆಣ್ಣು ನೋಡುವ ಶಾಸ್ತ್ರದ ದಿನ ಹುಡುಗಿ ಕಾಫಿಯ ತಟ್ಟೆಯನ್ನಿಟ್ಟು, ತಲೆ ತಗ್ಗಿಸಿ, ಒಂದು ಮಾತೂ ಆಡದೆ ಒಳಗೆ ಹೋಗುತ್ತಾಳೆ. ಹಜಾರದಲ್ಲಿ ಕುಳಿತ ಹಿರಿಯರೊಬ್ಬರು ನಗುತ್ತಾ ಈ ಮಾತನ್ನು ಹೇಳುತ್ತಾರೆ. ಉಳಿದವರೂ ನಗುತ್ತಾರೆ. ವೀಳ್ಯ ಬದಲಾಗುತ್ತದೆ. ಆ ಹುಡುಗಿಯ ಮೌನ ನಾಚಿಕೆಯದೋ, ಹೆದರಿಕೆಯದೋ, ಸಂತೋಷದ್ದೋ, 'ಇನ್ನೆರಡು ವರ್ಷ ಓದಬೇಕು' ಎಂಬ ನುಂಗಿಕೊಂಡ ಮಾತಿನದೋ ಎಂದು ಯಾರೂ ವಿಚಾರಿಸುವುದಿಲ್ಲ.

ಈ ಒಂದು ಮಾತು ನಮ್ಮ ಮನೆಗಳಲ್ಲಷ್ಟೇ ಉಳಿಯಲಿಲ್ಲ. ನ್ಯಾಯಾಲಯಕ್ಕೂ ಹೋಯಿತು, ಶಾಲೆಗೂ ಬಂತು, ಕಾಲೇಜಿನ ಆವರಣವನ್ನೂ ಹೊಕ್ಕಿತು. ಇಂದು ಕಾಲೇಜುಗಳಲ್ಲಿ 'ಸಮ್ಮತಿ'ಯ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಕೊಡಬೇಕು ಎನ್ನುತ್ತಾರೆ. ಇದು ಪರದೇಶದಿಂದ ಬಂದ ಹೊಸ ಗೀಳು ಎಂದು ಮೂಗು ಮುರಿಯುವವರೂ ಇದ್ದಾರೆ. ಸಮಾಜ ವಿಜ್ಞಾನವನ್ನು ಬೋಧಿಸಿ ನಿವೃತ್ತನಾದವನಾದುದರಿಂದ ನನಗೆ ಇದರ ಹಿಂದಿನ ದಾರಿಯನ್ನು ಒಮ್ಮೆ ನಡೆದು ನೋಡಬೇಕೆನಿಸಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಮಕ್ಕಳು ಈಗ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾರೆ. ಅವರಿಗಾಗಿ ಈ ಬರಹ.

ನಮ್ಮ ನುಡಿಯಲ್ಲೇ ಇರುವ ಮಾತು

ಮೊದಲು ನಮ್ಮ ಕನ್ನಡವನ್ನೇ ನೋಡೋಣ. 'ಒಪ್ಪು' ಎಂಬ ಪದಕ್ಕೆ ಸಮ್ಮತಿಸು ಎಂಬ ಅರ್ಥವಿರುವಂತೆಯೇ ಸೊಗಸು, ತಕ್ಕುದಾಗಿರುವುದು ಎಂಬ ಅರ್ಥವೂ ಇದೆ. ಹಳಗನ್ನಡ ಓದಿದವರಿಗೆ ಇದು ಗೊತ್ತು. ಒಪ್ಪಿ ಮಾಡಿದುದೇ ಒಪ್ಪುತ್ತದೆ ಎಂಬ ತಿಳಿವು ಆ ಪದದೊಳಗೇ ಅಡಗಿದೆಯೇನೋ! ಅದಕ್ಕಿಂತಲೂ ಸ್ವಾರಸ್ಯದ ಪದ 'ಒಲ್ಲೆ'. ಒಲಿ, ಒಲವು, ಒಲುಮೆ, ಒಲ್ಲೆ – ಇವೆಲ್ಲ ಒಂದೇ ಬೇರಿನ ಕುಡಿಗಳು. ಪ್ರೀತಿಯನ್ನು ಹೇಳುವ ಧಾತುವಿನಿಂದಲೇ ನಿರಾಕರಣೆಯ ಪದವನ್ನೂ ನಮ್ಮ ನುಡಿ ಕಟ್ಟಿಕೊಂಡಿದೆ. ಒಲ್ಲೆ ಎನ್ನುವ ಸ್ವಾತಂತ್ರ್ಯವಿದ್ದಾಗ ಮಾತ್ರ ಒಲವಿಗೆ ಬೆಲೆ ಎಂದು ಇದನ್ನು ಅರ್ಥ ಮಾಡಿಕೊಂಡರೆ ತಪ್ಪಾಗಲಾರದು. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಕಥೆಯನ್ನು ನಾವು ಭಕ್ತಿಯ ಕಥೆಯೆಂದು ಪಾಠ ಮಾಡುತ್ತೇವೆ. ಆದರೆ ಅರಸನಾದ ಕೌಶಿಕನ ಅರಮನೆಯನ್ನು ಬಿಟ್ಟು ಹೊರಟ ಆಕೆಯ ನಡೆಯಲ್ಲಿ 'ಒಲ್ಲೆ' ಎಂಬ ಸ್ಪಷ್ಟವಾದ ಮಾತೂ ಇದೆಯಲ್ಲವೇ?

ಇನ್ನೊಂದು ಹಳೆಯ ಪದ ನಮ್ಮ ಜಿಲ್ಲೆಯಂಥ ಜಿಲ್ಲೆಗಳ ಕಲ್ಲುಗಳಿಗೆ ಸಂಬಂಧಿಸಿದ್ದು. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾದ 5ನೆಯ ಸಂಪುಟವಾಗಿ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ನಮ್ಮ ಊರುಗಳ ಕೆರೆ ಏರಿಯ ಮೇಲೆ, ಗುಡಿಯ ಮುಂದೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ವೀರನು ಸತ್ತ ಕಾರಣವನ್ನು ಹೇಳುವ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. ದನಗಳನ್ನು ಹೊಡೆದುಕೊಂಡು ಹೋದಾಗ ನಡೆದ ಕಾಳಗ 'ತುರುಗೊಳ್'. ಊರನ್ನು ಸೂರೆ ಮಾಡಿದಾಗಿನದು 'ಊರಳಿವು'. ಹೆಣ್ಣಿನ ಮಾನಕ್ಕೆ ಕೈಹಾಕಿದಾಗ ನಡೆದ ಹೋರಾಟ 'ಪೆಣ್ಬುಯ್ಯಲ್'. ಪುಯ್ಯಲ್ ಎಂದರೆ ಮೊರೆ, ಕೂಗು. ಹೆಣ್ಣಿನ ಕೂಗು ಕೇಳಿ ಓಡಿಹೋಗಿ ಕಾದಿ ಸತ್ತವನಿಗೆ ಊರಿನವರು ಕಲ್ಲು ನಿಲ್ಲಿಸಿದರು.

ಇದು ಹೆಮ್ಮೆಪಡತಕ್ಕ ವಿಷಯವೇ ಸರಿ. ಆದರೆ ಮೇಷ್ಟ್ರಾದವನು ಇಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಕಲ್ಲಿನಲ್ಲಿ ಸ್ಮರಣೆಗೆ ಬಂದವನು ವೀರ. ಕೂಗಿದ ಹೆಣ್ಣು ಮುಂದೆ ಏನಾದಳು? ಎರಡನೆಯದು, ಕೂಗಿದವಳಿಗೆ ನೆರವು ಸಿಕ್ಕಿತು. ಕೂಗಲಾರದೆ ಉಳಿದವಳ ಗತಿಯೇನು? ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ದೇಶದ ಕಾನೂನಿಗೆ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಕಾಯಬೇಕಾಯಿತು. ಆ ಕಥೆಗೆ ಮುಂದೆ ಬರುತ್ತೇನೆ.

ಹತ್ತು ವರ್ಷದಿಂದ ಹದಿನೆಂಟಕ್ಕೆ

1884ರಲ್ಲಿ ಮುಂಬಯಿಯ ರುಖ್ಮಾಬಾಯಿ ಎಂಬ ತರುಣಿಯ ಮೇಲೆ ಆಕೆಯ ಗಂಡ ದಾದಾಜಿ ಭಿಕಾಜಿ ದಾವೆ ಹೂಡಿದನು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿ ತಾಯಿಯ ಮನೆಯಲ್ಲೇ ಬೆಳೆದ ಆಕೆ ಅವನೊಡನೆ ಬಾಳಲು ಒಪ್ಪಿರಲಿಲ್ಲ. ಮೊದಲು ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪಿತ್ತರು. ಮೇಲ್ಮನವಿಯ ನಂತರ 1887ರಲ್ಲಿ, ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳ ಸೆರೆವಾಸ ಅನುಭವಿಸು ಎಂಬ ಆಜ್ಞೆಯಾಯಿತು. ಸೆರೆಮನೆಗೆ ಹೋಗಲು ಸಿದ್ಧ ಎಂದು ರುಖ್ಮಾಬಾಯಿ ಉತ್ತರಿಸಿದಳು. ತನ್ನ ಅರಿವಿಲ್ಲದ ವಯಸ್ಸಿನಲ್ಲಿ ನಡೆದ ಮದುವೆ ತನ್ನನ್ನು ಕಟ್ಟಿಹಾಕಲಾರದು ಎಂಬುದು ಆಕೆಯ ವಾದ. 1888ರಲ್ಲಿ ಹಣ ಕೊಟ್ಟು ರಾಜಿಯಾಯಿತು. ಮುಂದೆ ಆಕೆ ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರ ಕಲಿತು ಬಂದು ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ವೈದ್ಯೆಯಾಗಿ ಸೇವೆ ಸಲ್ಲಿಸಿದಳು. ಆಕೆಯ ಒಂದು 'ಒಲ್ಲೆ' ದೇಶದಲ್ಲೆಲ್ಲ ಚರ್ಚೆಯನ್ನೆಬ್ಬಿಸಿತು.

ಆ ಚರ್ಚೆ ನಡೆಯುತ್ತಿರುವಾಗಲೇ ಕಲ್ಕತ್ತೆಯಲ್ಲಿ ಒಂದು ದಾರುಣ ಘಟನೆ ಸಂಭವಿಸಿತು. 1889ರಲ್ಲಿ ಫೂಲಮಣಿ ದಾಸಿ ಎಂಬ ಸುಮಾರು ಹತ್ತು-ಹನ್ನೊಂದು ವರ್ಷದ ಬಾಲಕಿ, ಆಕೆಗಿಂತ ಬಹಳ ಹಿರಿಯನಾದ ಗಂಡನ ಬಲಾತ್ಕಾರದಿಂದ ರಕ್ತಸ್ರಾವವಾಗಿ ಸತ್ತಳು. 1860ರ ದಂಡಸಂಹಿತೆಯಲ್ಲಿ ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಗಂಡನ ಮೇಲೆ ಅತ್ಯಾಚಾರದ ಆರೋಪ ಹೊರಿಸುವಂತಿರಲಿಲ್ಲ. ಆದುದರಿಂದ ಅವನಿಗೆ ಆದದ್ದು ಅಲ್ಪ ಶಿಕ್ಷೆ. ಬೆಹ್ರಾಮ್‌ಜಿ ಮಲಬಾರಿ ಮೊದಲಾದವರ ಪ್ರಯತ್ನದ ಫಲವಾಗಿ 1891ರ ಮಾರ್ಚ್ 19ರಂದು 'ಸಮ್ಮತಿ ವಯಸ್ಸಿನ ಕಾಯಿದೆ' ಅಂಗೀಕಾರವಾಗಿ, ವಯಸ್ಸು 10ರಿಂದ 12ಕ್ಕೆ ಏರಿತು. ಲೋಕಮಾನ್ಯ ತಿಲಕರಂಥವರೂ ಇದನ್ನು ವಿರೋಧಿಸಿದರು. ಪರಕೀಯ ಸರ್ಕಾರ ನಮ್ಮ ಧರ್ಮದಲ್ಲಿ, ಪ್ರಸ್ತದ ಶಾಸ್ತ್ರದಲ್ಲಿ ಕೈಹಾಕಬಾರದು ಎಂಬುದು ವಿರೋಧಿಗಳ ವಾದವಾಗಿತ್ತು. ಹೀಗೆ ಸಮ್ಮತಿ ಎಂಬ ಪದ ನಮ್ಮ ದೇಶದ ಕಾನೂನಿನ ಚರ್ಚೆಯ ನಡುವೆ ಬಂದು ನಿಂತದ್ದು ಒಂದು ಮಗುವಿನ ಸಾವಿನ ಮೂಲಕ.

ನಮ್ಮ ಮೈಸೂರು ಸಂಸ್ಥಾನ ಬೇರೆಯ ದಾರಿ ಹಿಡಿಯಿತು. ಪ್ರಸ್ತದ ವಯಸ್ಸನ್ನು ಗೊತ್ತುಪಡಿಸುವುದಕ್ಕಿಂತ ಮದುವೆಯ ವಯಸ್ಸನ್ನೇ ಗೊತ್ತುಪಡಿಸಲು ಹೊರಟಿತು. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ ಶಿಶುವಿವಾಹ ತಡೆ ಕಾಯಿದೆ ಜಾರಿಗೆ ಬಂತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಅಪರಾಧವಾಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವಾಯಿತು. ಎಂಟು ವರ್ಷ! ಇಂದು ಮೂರನೆಯ ತರಗತಿಯಲ್ಲಿ ಮಗ್ಗಿ ಕಲಿಯುವ ಮಗುವಿನ ವಯಸ್ಸು. ಇಷ್ಟಕ್ಕೂ ಅಂದು ವಿರೋಧವಿತ್ತು ಎಂಬುದನ್ನು ನೆನೆದರೆ ನಾವು ಎಲ್ಲಿಂದ ಹೊರಟೆವು ಎಂಬುದು ತಿಳಿಯುತ್ತದೆ. ನಮ್ಮ ಹಾಸನ ಜಿಲ್ಲೆಯೂ ಆ ಸಂಸ್ಥಾನದ ಭಾಗವೇ. ನಮ್ಮ ಅಜ್ಜಿಯರ ಅಜ್ಜಿಯರು ಈ ಕಾಯಿದೆಯ ಕಾಲದವರು.

ಆ ಕಾಲದ ಬಾಳು ಹೇಗಿತ್ತೆಂಬುದಕ್ಕೆ ನಂಜನಗೂಡು ತಿರುಮಲಾಂಬ ಅವರೇ ಸಾಕ್ಷಿ. 1887ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಮದುವೆಯಾಗಿ, ಹದಿನಾಲ್ಕನೆಯ ವಯಸ್ಸಿಗೆ ವಿಧವೆಯಾದ ಅವರು ಮನೆಯಲ್ಲೇ ಓದಿ ಬರೆದು 'ಸತೀ ಹಿತೈಷಿಣಿ' ಗ್ರಂಥಮಾಲೆಯನ್ನೂ 'ಕರ್ನಾಟಕ ನಂದಿನಿ' ಮಾಸಪತ್ರಿಕೆಯನ್ನೂ ನಡೆಸಿದರು. ಇನ್ನೊಬ್ಬ ಬಾಲವಿಧವೆ ಆರ್. ಕಲ್ಯಾಣಮ್ಮ ಅವರು 1921ರಲ್ಲಿ 'ಸರಸ್ವತಿ' ಪತ್ರಿಕೆಯನ್ನು ಆರಂಭಿಸಿದರು. ಯಾರನ್ನು ಯಾರೂ ಏನೂ ಕೇಳಿರಲಿಲ್ಲವೋ ಅವರೇ ಕನ್ನಡದ ಹೆಣ್ಣುಮಕ್ಕಳಿಗೆ ಮಾತು ಕೊಟ್ಟರು.

ಮುಂದಿನ ಮೆಟ್ಟಿಲುಗಳನ್ನು ಬೇಗ ಹತ್ತೋಣ. 1929ರ ಶಾರದಾ ಕಾಯಿದೆ ಹೆಣ್ಣಿಗೆ 14, ಗಂಡಿಗೆ 18 ಎಂದಿತು. ಅದು 1930ರ ಏಪ್ರಿಲ್ 1ರಂದು ಜಾರಿಗೆ ಬಂತು. 1978ರಲ್ಲಿ ಮದುವೆಯ ವಯಸ್ಸು 18 ಮತ್ತು 21 ಆಯಿತು. ದಂಡಸಂಹಿತೆಯ ಸಮ್ಮತಿ ವಯಸ್ಸು 1925ರಲ್ಲಿ 14ಕ್ಕೂ, ಸ್ವಾತಂತ್ರ್ಯದ ಆಸುಪಾಸಿನಲ್ಲಿ 16ಕ್ಕೂ ಏರಿತು. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯಿದೆ ಅದನ್ನು 18ಕ್ಕೆ ತಂದಿತು. ಕರ್ನಾಟಕವು ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ 2011ರ ವರದಿಯ ನಂತರ ತನ್ನದೇ ತಿದ್ದುಪಡಿ ತಂದು, 2017ರಿಂದ ರಾಜ್ಯದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಸಾರಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿ ಹದಿನೆಂಟು ತುಂಬುವ ಮುನ್ನವೇ ಮದುವೆಯಾದವರು. ಐವರಲ್ಲಿ ಒಬ್ಬಳು. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಅಂಕಪಟ್ಟಿ ಪಡೆಯಲು ಅಣ್ಣನನ್ನೋ ತಮ್ಮನನ್ನೋ ಕಳಿಸಿ, ತಾನು ಬಾರದೇ ಉಳಿದ ಹುಡುಗಿಯರ ಮುಖಗಳು ನನ್ನ ಕಣ್ಣಮುಂದೆ ಇವೆ.

ಕೂಗದಿದ್ದರೆ ಒಪ್ಪಿದಂತೆಯೇ?

ವಯಸ್ಸು ಒಂದು ಭಾಗ. ವಯಸ್ಸು ತುಂಬಿದವರ ಸಮ್ಮತಿ ಎಂದರೇನು ಎಂಬುದು ಇನ್ನೊಂದು ಭಾಗ. ವೀರಗಲ್ಲಿನ ಎದುರು ಕೇಳಿದ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ.

1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರಿಂದ ಅತ್ಯಾಚಾರವಾಯಿತೆಂಬ ಮೊಕದ್ದಮೆ ನಡೆಯಿತು. ಮುಂಬಯಿ ಹೈಕೋರ್ಟಿನ ನಾಗಪುರ ಪೀಠವು, ಅಸಹಾಯಕತೆಯಿಂದ ಶರಣಾಗುವುದೇ ಬೇರೆ, ಸಮ್ಮತಿಯೇ ಬೇರೆ ಎಂದು ಹೇಳಿ ಶಿಕ್ಷೆ ವಿಧಿಸಿತು. 1978ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಆಕೆಯ ಮೈಮೇಲೆ ಗಾಯಗಳಿರಲಿಲ್ಲ, ಆಕೆ ಕೂಗಿಕೊಂಡಿರಲಿಲ್ಲ ಎಂಬುದು ಮುಖ್ಯ ಕಾರಣಗಳಾದವು. ಠಾಣೆಯೊಳಗೆ, ಖಾಕಿ ತೊಟ್ಟವರ ಮುಂದೆ, ಬಡ ಹುಡುಗಿಯೊಬ್ಬಳು ಯಾರನ್ನು ಕೂಗಬೇಕಿತ್ತು?

1979ರ ಸೆಪ್ಟೆಂಬರ್ 16ರಂದು ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು ಈ ತೀರ್ಪನ್ನು ಪ್ರಶ್ನಿಸಿದರು. ದೇಶದ ಅನೇಕ ನಗರಗಳಲ್ಲಿ ಮಹಿಳೆಯರು ಬೀದಿಗಿಳಿದರು. ಅದರ ಫಲವಾಗಿ 1983ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಪೊಲೀಸರಂಥ ಅಧಿಕಾರಸ್ಥರ ವಶದಲ್ಲಿರುವಾಗ ಇಂಥ ಕೃತ್ಯ ನಡೆದು, ತಾನು ಒಪ್ಪಿರಲಿಲ್ಲ ಎಂದು ಹೆಂಗಸು ಹೇಳಿದರೆ ನ್ಯಾಯಾಲಯ ಅದನ್ನೇ ಆಧಾರವಾಗಿಟ್ಟುಕೊಂಡು ಮುಂದುವರಿಯಬೇಕೆಂದಾಯಿತು. ನೊಂದವಳ ಹೆಸರನ್ನು ಪ್ರಕಟಿಸುವುದೂ ಅಪರಾಧವಾಯಿತು. ತರಗತಿಯ ಪಾಠವೊಂದು ಹೇಗೆ ದೇಶದ ಕಾನೂನನ್ನು ತಿದ್ದಬಲ್ಲುದು ಎಂಬುದಕ್ಕೆ ನಾಲ್ವರು ಅಧ್ಯಾಪಕರ ಈ ಪತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2012ರ ಡಿಸೆಂಬರಿನ ದೆಹಲಿ ಘಟನೆಯ ನಂತರ, ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯನ್ನು ಅನುಸರಿಸಿ 2013ರಲ್ಲಿ ಬಂದ ತಿದ್ದುಪಡಿ ಸಮ್ಮತಿಯ ಅರ್ಥವನ್ನೇ ಬರೆದಿಟ್ಟಿತು. ಸಮ್ಮತಿ ಎಂದರೆ ಸಂದೇಹಕ್ಕೆ ಎಡೆಯಿಲ್ಲದ, ಸ್ವಇಚ್ಛೆಯ ಒಪ್ಪಿಗೆ. ಅದನ್ನು ಮಾತಿನಿಂದಲೋ ಸನ್ನೆಯಿಂದಲೋ ಬೇರೆ ರೀತಿಯಿಂದಲೋ ತಿಳಿಸಿರಬೇಕು. ಹೆಣ್ಣು ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣದಿಂದ ಒಪ್ಪಿದಳೆಂದು ಎಣಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿಯೂ ಇದು ಹಾಗೆಯೇ ಮುಂದುವರಿದಿದೆ. 'ಮೌನಂ ಸಮ್ಮತಿ ಲಕ್ಷಣಂ' ಎಂಬ ಗಾದೆಗೆ ಈ ವಿಷಯದಲ್ಲಿ ಕಾನೂನಿನ ಬೆಂಬಲವಿಲ್ಲ.

ಒಂದು ಮನೆಯ ಬಾಗಿಲು ಮಾತ್ರ ಇನ್ನೂ ತೆರೆದಿಲ್ಲ. ಹದಿನೆಂಟು ತುಂಬಿದ ಹೆಂಡತಿಯ ವಿಷಯದಲ್ಲಿ ಗಂಡನಿಗೆ ಇರುವ ವಿನಾಯಿತಿ ಹೊಸ ಸಂಹಿತೆಯಲ್ಲೂ ಉಳಿದಿದೆ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿ ದೇಶದ ಗಮನ ಸೆಳೆದರು. ಅದೇ ವರ್ಷ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ರುಖ್ಮಾಬಾಯಿ 1884ರಲ್ಲಿ ಎತ್ತಿದ ಪ್ರಶ್ನೆಯ ಒಂದು ಎಳೆ ಇನ್ನೂ ನ್ಯಾಯಾಲಯದಲ್ಲೇ ಇದೆ ಎನ್ನಬಹುದು.

ಕಾಲೇಜಿನ ಆವರಣಕ್ಕೆ ಬಂದ ಬಗೆ

ಕಾಲೇಜುಗಳಲ್ಲಿ ಇಂದು ಇರುವ ದೂರು ಸಮಿತಿಗಳ ಮೂಲ ಯಾವುದೆಂದು ಕೇಳಿದರೆ ಬಹಳ ಮಂದಿಗೆ ಆಶ್ಚರ್ಯವಾಗಬಹುದು. ಅದರ ಮೂಲ ರಾಜಸ್ಥಾನದ ಒಂದು ಹಳ್ಳಿ. ಅಲ್ಲಿನ ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದ ಭನ್ವರಿ ದೇವಿ 1992ರಲ್ಲಿ ಒಂದು ಹಸುಗೂಸಿನ ಮದುವೆಯನ್ನು ತಡೆಯಲು ಹೋದರು. ಅದರ ಸೇಡಿಗಾಗಿ ಅವರ ಮೇಲೆ ಸಾಮೂಹಿಕ ಅತ್ಯಾಚಾರವಾಯಿತೆಂದು ಅವರು ದೂರಿತ್ತರು. ಆ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ಮೊಕದ್ದಮೆಯಲ್ಲಿ 1997ರ ಆಗಸ್ಟ್ 13ರಂದು ಸುಪ್ರೀಂ ಕೋರ್ಟು 'ವಿಶಾಖಾ' ತೀರ್ಪನ್ನಿತ್ತು, ಕೆಲಸದ ಎಡೆಗಳಲ್ಲಿ ದೂರು ಸಮಿತಿಗಳಿರಬೇಕೆಂದಿತು. 2013ರಲ್ಲಿ ಅದು ಕಾಯಿದೆಯಾಯಿತು. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾರ್ಯಪಡೆ 'ಸಕ್ಷಮ್' ಎಂಬ ವರದಿಯನ್ನು ಸಲ್ಲಿಸಿತು. ಹೆಣ್ಣುಮಕ್ಕಳನ್ನು ಹಾಸ್ಟೆಲಿನೊಳಗೆ ಕೂಡಿಹಾಕುವುದು ರಕ್ಷಣೆಯಲ್ಲ, ಎಲ್ಲ ವಿದ್ಯಾರ್ಥಿಗಳಿಗೂ ತಿಳಿವಳಿಕೆ ಕೊಡಬೇಕು ಎಂಬುದು ಅದರ ಸಾರ. ಆಯೋಗದ 2015ರ ನಿಯಮಾವಳಿ 2016ರಲ್ಲಿ ರಾಜಪತ್ರದಲ್ಲಿ ಪ್ರಕಟವಾಗಿ ಎಲ್ಲ ಕಾಲೇಜುಗಳಿಗೂ ಅನ್ವಯವಾಯಿತು.

ಈ ನಿಯಮಗಳನ್ನು ನಿಮ್ಮ ಮಕ್ಕಳಿಗೆ ಹೇಳಿಕೊಡಿ. ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ಹಿರಿಯ ಅಧ್ಯಾಪಕಿಯೊಬ್ಬರು ಅದರ ಅಧ್ಯಕ್ಷರಾಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಕುಳಿತುಕೊಳ್ಳಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಅವಧಿಯನ್ನು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಕಾಲೇಜಿಗೆ ಸೇರಿಸುವ ದಿನ ಶುಲ್ಕ, ಬಸ್ಸಿನ ಪಾಸು, ಹಾಸ್ಟೆಲು ವಿಚಾರಿಸುವ ತಂದೆತಾಯಿಗಳು ಈ ಸಮಿತಿಯ ಅಧ್ಯಕ್ಷರು ಯಾರೆಂದೂ ಒಂದು ಮಾತು ಕೇಳಿ ಬರಲಿ.

ಆದರೆ ಸಮಿತಿ ಇದ್ದ ಮಾತ್ರಕ್ಕೆ ದೂರು ಬರುವುದಿಲ್ಲ. ದುದ್ದದ ಸುತ್ತಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಹಾಸನದ ಕಾಲೇಜುಗಳಿಗೆ, ಹೇಮಗಂಗೋತ್ರಿಗೆ ಹೋಗುವ ಹುಡುಗಿಯರನ್ನು ನೆನೆದುಕೊಳ್ಳಿ. ಅವರಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಕಂಡವರು. ಬಸ್ಸಿನಲ್ಲಿ ಒಬ್ಬ ದಿನವೂ ಮೈಮುಟ್ಟಿ ನಿಲ್ಲುತ್ತಾನೆ, ಇನ್ನೊಬ್ಬ ಹಿಂಬಾಲಿಸುತ್ತಾನೆ ಎಂದು ಆಕೆ ಮನೆಯಲ್ಲಿ ಹೇಳಿದರೆ ಏನಾಗುತ್ತದೆ? ನನ್ನ ಸೇವಾವಧಿಯಲ್ಲಿ ನಾನು ಕಂಡದ್ದು ಒಂದೇ ಬಗೆಯ ಪರಿಣಾಮ. ಹುಡುಗನ ಓದು ಮುಂದುವರಿಯಿತು, ಹುಡುಗಿಯ ಓದು ನಿಂತಿತು. "ನಿನಗ್ಯಾಕವ್ವ ಬೇಕು ಈ ರಗಳೆ, ಮನೇಲಿರು" ಎಂದು ಪ್ರೀತಿಯಿಂದಲೇ ಹೇಳಿ ಪುಸ್ತಕ ಮುಚ್ಚಿಸಿದರು. ಮುಂದಿನ ಮಾಘಮಾಸದಲ್ಲಿ ಮದುವೆ. ಇದನ್ನು ನೋಡಿದ ಆಕೆಯ ತಂಗಿ ಏನು ಕಲಿತಳು? ಸುಮ್ಮನಿದ್ದರೆ ಓದಬಹುದು ಎಂದು ಕಲಿತಳು. ಆಕೆಯ ಮೌನ ಸಮ್ಮತಿಯ ಲಕ್ಷಣವಲ್ಲ. ಅದು ಆಕೆ ತನ್ನ ಓದಿಗೆ ತೆರುತ್ತಿರುವ ಕಂದಾಯ. ಈ ಕಂದಾಯವನ್ನು ವಸೂಲು ಮಾಡುತ್ತಿರುವವರಲ್ಲಿ ಆಕೆಯ ಹಿತಚಿಂತಕರಾದ ನಾವೂ ಇದ್ದೇವೆ ಎಂಬುದನ್ನು ಮರೆಯಬಾರದು.

ಹುಡುಗರಿಗೆ ನಾವು ಏನು ಕಲಿಸಿದ್ದೇವೆ? ಪಾಠವಾಗಿ ಏನನ್ನೂ ಇಲ್ಲ. ಅವರಿಗೆ ಕಲಿಸಿದ್ದು ಸಿನಿಮಾ. ನಾಯಕ ಬೆನ್ನುಹತ್ತುತ್ತಾನೆ, ನಾಯಕಿ ಬೇಡವೆನ್ನುತ್ತಾಳೆ, ಮೂರು ಹಾಡಿನ ನಂತರ ಒಪ್ಪುತ್ತಾಳೆ. 'ಬೇಡ' ಎಂದರೆ 'ಇನ್ನೂ ಪ್ರಯತ್ನಿಸು' ಎಂದರ್ಥ ಎಂದು ಎಷ್ಟು ತಲೆಮಾರಿನ ಹುಡುಗರು ಟೆಂಟಿನಲ್ಲಿ ಕುಳಿತು ಕಲಿತರೋ! ನಿಜ ಬಾಳಿನಲ್ಲಿ ನಾಯಕಿ ಒಪ್ಪದಿದ್ದಾಗ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳನ್ನು ಹಿಂದಿನ ಸಹಪಾಠಿಯೊಬ್ಬ ಇರಿದು ಕೊಂದನೆಂಬ ಸುದ್ದಿ ಓದಿ ನಾಡೇ ತಲ್ಲಣಿಸಿತು. ಪ್ರೀತಿಯನ್ನು ನಿರಾಕರಿಸಿದ್ದೇ ಕಾರಣವೆಂಬುದು ಆರೋಪ. ಅಂದು ಎಲ್ಲರೂ ಶಿಕ್ಷೆಯ ಬಗ್ಗೆ ಮಾತನಾಡಿದರು, ಜಾತಿ ಮತಗಳ ಬಗ್ಗೆ ಮಾತನಾಡಿದರು. 'ಒಲ್ಲೆ' ಎಂಬ ಮಾತನ್ನು ಕೇಳಿಸಿಕೊಂಡು ತಲೆತಗ್ಗಿಸಿ ಮನೆಗೆ ಹೋಗುವುದನ್ನು ಹುಡುಗರಿಗೆ ಯಾವ ತರಗತಿಯಲ್ಲಿ ಕಲಿಸುತ್ತೇವೆ ಎಂದು ಕೇಳಿದವರು ಕಡಿಮೆ.

ಶಾಲೆಯಲ್ಲಿ ಬಿಟ್ಟುಹೋದ ಪಾಠ

ಕಾಲೇಜಿಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಇದು ಪ್ರೌಢಶಾಲೆಯಲ್ಲೇ ಆರಂಭವಾಗಬೇಕಾದ ಪಾಠ. ಆದರೆ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುಗಿಸುವುದು ನಮ್ಮ ಕಡೆ ವಾಡಿಕೆಯಾಗಿಬಿಟ್ಟಿದೆ. ಹೂವಿನ ಪರಾಗಸ್ಪರ್ಶದವರೆಗೆ ಧೈರ್ಯವಾಗಿ ಬರುವ ಪಾಠ ಮನುಷ್ಯನ ಬಳಿಗೆ ಬಂದಾಗ ತೊದಲುತ್ತದೆ. ಮನೆಯಲ್ಲಿ ಓದಿಕೊಳ್ಳಲು ಕನ್ನಡದಲ್ಲಿ ಪುಸ್ತಕಗಳಿರಲಿಲ್ಲ ಎನ್ನುವಂತಿಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ'ಗಳನ್ನು ಬರೆದು ಎಷ್ಟೋ ಮನೆಗಳ ಕತ್ತಲೆಯನ್ನು ಕಳೆದರು. ಆದರೆ ಅವನ್ನು ಮದುವೆ ಗೊತ್ತಾದ ಮೇಲೆ, ಸೀರೆಗಳ ಅಡಿಯಲ್ಲಿ ಬಚ್ಚಿಟ್ಟು ಓದುವ ಪುಸ್ತಕಗಳೆಂದೇ ನಾವು ಭಾವಿಸಿದೆವು.

ಮಾನವ ಸಂಪನ್ಮೂಲ ಸಚಿವಾಲಯವು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೊಡನೆ ಸೇರಿ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. 2007ರಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶ, ಕರ್ನಾಟಕ ಮೊದಲಾದ ರಾಜ್ಯಗಳು, ಇದು ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲವೆಂಬ ಆಕ್ಷೇಪಗಳ ನಡುವೆ, ಅದನ್ನು ತಡೆಹಿಡಿದವು. ಆ ಪುಸ್ತಕಗಳ ಕೆಲವು ಚಿತ್ರಗಳ ಬಗ್ಗೆ ಪಾಲಕರಿಗಿದ್ದ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಹೇಗೆ ಹೇಳುವುದೆಂಬುದು ಸುಲಭದ ಪ್ರಶ್ನೆಯಲ್ಲ. ಆದರೆ ಚಿತ್ರವನ್ನು ತಿದ್ದಬಹುದಿತ್ತು. ಪಾಠವನ್ನೇ ನಿಲ್ಲಿಸಿದಾಗ ಮಕ್ಕಳು ಕಲಿಯುವುದನ್ನೇನೂ ನಿಲ್ಲಿಸಲಿಲ್ಲ. ಗುರುಗಳು ಮಾತ್ರ ಬದಲಾದರು. ಮುಂದಿನ ಹತ್ತು ವರ್ಷಗಳಲ್ಲಿ ಅಂಗೈಯಗಲದ ಮೊಬೈಲು ಆ ಜಾಗವನ್ನು ತುಂಬಿತು.

2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಒಂದು ಪ್ರಕರಣ ಬಂತು. ಹದಿನೇಳರ ಹುಡುಗಿಯೊಬ್ಬಳು 2017ರಲ್ಲಿ ತಾನು ಮೆಚ್ಚಿದವನೊಡನೆ ಊರು ಬಿಟ್ಟಿದ್ದಳು. ಹೆತ್ತವರು ದೂರಿತ್ತರು, ಪೋಕ್ಸೋ ಮೊಕದ್ದಮೆಯಾಯಿತು. ಮೇಲ್ಮನವಿ ತೀರ್ಮಾನವಾಗುವ ಹೊತ್ತಿಗೆ ಅವರು ಮದುವೆಯಾಗಿ ಎರಡು ಮಕ್ಕಳ ತಂದೆತಾಯಿಯಾಗಿದ್ದರು. ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಅವರು ಖುಲಾಸೆಯನ್ನು ಎತ್ತಿಹಿಡಿದು, ವಯಸ್ಸಿನ ಮಿತಿಯನ್ನು ಕಾನೂನು ಆಯೋಗ ಮರುಚಿಂತಿಸಲಿ ಎಂದರು. ಜೊತೆಗೆ 9ನೆಯ ತರಗತಿಯಿಂದಾದರೂ ಮಕ್ಕಳಿಗೆ ಈ ಕಾನೂನುಗಳನ್ನು ತಿಳಿಸುವ ಪಾಠಸಾಮಗ್ರಿ ಸಿದ್ಧಪಡಿಸುವಂತೆ ಶಿಕ್ಷಣ ಇಲಾಖೆಗೆ ನಿರ್ದೇಶಿಸಿದರು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ರಿತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ ಕಾನೂನು ಆಯೋಗ 2023ರ ತನ್ನ 283ನೆಯ ವರದಿಯಲ್ಲಿ 18ರ ಮಿತಿಯನ್ನು ಇಳಿಸುವುದು ಬೇಡವೆಂದಿತು. 16ರಿಂದ 18ರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಧೀಶರ ವಿವೇಚನೆಗೆ ಎಡೆಯಿರಲಿ ಎಂದು ಸಲಹೆ ಮಾಡಿತು.

ಆದುದರಿಂದ ಇಂದಿಗೂ ಕಾನೂನು ಹೀಗಿದೆ: ಪಿ.ಯು.ಸಿ. ಓದುವ ಹದಿನೇಳರ ಹುಡುಗಿ ಒಪ್ಪಿದರೂ ಅದು ಒಪ್ಪಿಗೆಯಲ್ಲ. ಆಕೆಯೊಡನೆ ಓಡಿಹೋದ ಹತ್ತೊಂಬತ್ತರ ಹುಡುಗನಿಗೆ ಕಾದಿರುವುದು ದೀರ್ಘ ಸೆರೆವಾಸ. ಇದನ್ನು ಅವನಿಗೆ ಮೊದಲೇ ಹೇಳಬೇಕಾದವರು ಪೊಲೀಸರಲ್ಲ, ಮೇಷ್ಟ್ರು ಮತ್ತು ತಂದೆತಾಯಿ. 2025ರ ಮಾರ್ಚ್‌ನಲ್ಲಿ ರಾಜ್ಯದ ಶಿಕ್ಷಣ ಸಚಿವರು 8ರಿಂದ 12ನೆಯ ತರಗತಿಯವರೆಗೆ ವೈದ್ಯರ ನೆರವಿನಿಂದ ಲೈಂಗಿಕ ಶಿಕ್ಷಣ ಕೊಡುವುದಾಗಿ ವಿಧಾನ ಪರಿಷತ್ತಿನಲ್ಲಿ ಪ್ರಕಟಿಸಿದರು. ಈ ಸಲ ಪುಟ ತಿರುಗಿಸದಿರೋಣ.

ನಮ್ಮ ಮನೆಯ ಬಾಗಿಲಿಗೇ ಬಂದಾಗ

ಹಾಸನದವನಾಗಿ ಇನ್ನೊಂದು ಮಾತನ್ನು ಹೇಳದೆ ಈ ಬರಹ ಮುಗಿಸಿದರೆ ಅದು ಅಪ್ರಾಮಾಣಿಕವಾಗುತ್ತದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮುನ್ನ, ನಮ್ಮ ಜಿಲ್ಲೆಯಲ್ಲಿ ಪೆನ್‌ಡ್ರೈವುಗಳು ಹರಿದಾಡಿದವು. ಅವುಗಳಲ್ಲಿ ಹೆಣ್ಣುಮಕ್ಕಳ ಖಾಸಗಿ ದೃಶ್ಯಗಳಿದ್ದವು. ವಿಶೇಷ ತನಿಖಾ ತಂಡ ರಚನೆಯಾಯಿತು. ಅದಕ್ಕೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ, ಮನೆಗೆಲಸದ ಮಹಿಳೆಯೊಬ್ಬರು ಕೊಟ್ಟ ದೂರಿನ ಮೇಲೆ, 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಜಿಲ್ಲೆಯ ಮಾಜಿ ಸಂಸದರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ರಾಜಕೀಯದ ಮಾತು ನನಗೆ ಬೇಡ. ನ್ಯಾಯಾಲಯದ ಮುಂದಿನ ಮೆಟ್ಟಿಲುಗಳು ಅವುಗಳ ಪಾಡಿಗೆ ನಡೆಯಲಿ.

ನನ್ನನ್ನು ಕಾಡುವುದು ಬೇರೆಯ ಸಂಗತಿ. ಆ ದೃಶ್ಯಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದವರು ಯಾರು? ಚಹದಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ, ಮದುವೆಯ ಊಟದ ಸಾಲಿನಲ್ಲಿ ಮೊಬೈಲು ಹಿಡಿದು ತಲೆಗೆ ತಲೆ ಕೊಟ್ಟು ನೋಡಿದವರು ಯಾರು? ಅವರಲ್ಲಿ ನಮ್ಮ ಶಾಲೆಗಳಲ್ಲಿ ಓದಿದವರೂ ಇದ್ದರು. ಸದ್ಗೃಹಸ್ಥರು, ತಂಗಿಗೆ ಅಣ್ಣಂದಿರು, ಮಗಳಿಗೆ ತಂದೆಯರು. ಆ ಹೆಣ್ಣುಮಕ್ಕಳಲ್ಲಿ ಯಾರೂ ಹೀಗೆ ಊರ ಕಣ್ಣಿಗೆ ಬೀಳಲು ಒಪ್ಪಿರಲಿಲ್ಲ. ಕೆಲವರು ಮನೆ ಬಿಟ್ಟು ಹೋಗಬೇಕಾಯಿತೆಂದು ಆಗ ಪತ್ರಿಕೆಗಳು ಬರೆದವು. 2013ರ ತಿದ್ದುಪಡಿಯಲ್ಲಿ ಇದಕ್ಕೆ ಹೇಳಿ ಬರೆಸಿದಂಥ ಒಂದು ಮಾತಿದೆ. ಅದು ಈಗ ನ್ಯಾಯ ಸಂಹಿತೆಯ 77ನೆಯ ಕಲಮಿನಲ್ಲಿದೆ. ಚಿತ್ರ ತೆಗೆಯಲು ಒಬ್ಬಳು ಒಪ್ಪಿದ್ದರೂ, ಅದನ್ನು ಮತ್ತೊಬ್ಬರಿಗೆ ಹಂಚಲು ಒಪ್ಪಿರದಿದ್ದರೆ, ಹಂಚುವುದು ಅಪರಾಧ. ಒಂದಕ್ಕೆ ಒಪ್ಪಿದರೆ ಎಲ್ಲಕ್ಕೂ ಒಪ್ಪಿದಂತಲ್ಲ ಎಂಬ ದೊಡ್ಡ ತತ್ತ್ವ ಈ ಸಣ್ಣ ವಿವರಣೆಯಲ್ಲಿದೆ. ಹಿಂದೆ ನಮ್ಮ ನಾಡಿನಲ್ಲಿ ಹೆಣ್ಣಿನ ಕೂಗಿಗೆ ಓಡಿಬಂದವನಿಗೆ ಕಲ್ಲು ನಿಲ್ಲಿಸುತ್ತಿದ್ದರು. ನಾವು ಆ ಕಲ್ಲುಗಳಿರುವ ಊರಿನ ಕಟ್ಟೆಯ ಮೇಲೆ ಕುಳಿತೇ ಆ ದೃಶ್ಯಗಳನ್ನು ಮುಂದಕ್ಕೆ ದಾಟಿಸಿದೆವು.

ಕೊನೆಯದಾಗಿ

ನನ್ನ ವಿದ್ಯಾರ್ಥಿ ಮಿತ್ರರೇ, ನಿಮ್ಮ ಮಕ್ಕಳಿಗೆ ಹೇಳಬೇಕಾದ ಪಾಠ ಬಹಳ ದೊಡ್ಡದೇನೂ ಅಲ್ಲ. ಕೇಳಿ ತಿಳಿಯಬೇಕು, ಊಹಿಸಬಾರದು. 'ಹೂಂ' ಎನ್ನದಿರುವುದನ್ನು 'ಹೂಂ' ಎಂದು ಓದಬಾರದು. ಹೆದರಿಸಿ, ಅಂಕ ತೋರಿಸಿ, ಉದ್ಯೋಗದ ಆಸೆ ಹುಟ್ಟಿಸಿ, ಕುಡಿಸಿ ಪಡೆದದ್ದು ಒಪ್ಪಿಗೆಯಲ್ಲ. ನಿನ್ನೆ ಒಪ್ಪಿದವರಿಗೆ ಇಂದು ಒಲ್ಲೆನೆನ್ನುವ ಹಕ್ಕುಂಟು. ಬೇಡ ಎಂದ ಮೇಲೆ ಹಿಂದೆ ಬೀಳಬಾರದು, ಅವಮಾನವೆಂದು ತಿಳಿಯಬಾರದು. ಇದು ಹುಡುಗಿಗೂ ಸಲ್ಲುವ ಪಾಠ. ಹುಡುಗರಿಗೂ ಮೈಯುಂಟು, ಮಾನವುಂಟು. ಅವರೂ ಹಿಂಸೆಗೆ ಒಳಗಾಗುತ್ತಾರೆ. ಪೋಕ್ಸೋ ಕಾಯಿದೆ ಗಂಡುಮಗುವಿಗೂ ರಕ್ಷಣೆ ಕೊಟ್ಟಿದೆ.

ಇದನ್ನು ಒಂದು ದಿನದ ಉಪನ್ಯಾಸದಿಂದ ಕಲಿಸಲಾಗದು. ಮನೆಯಲ್ಲಿ ಮಗುವನ್ನು ಬಂಧುಗಳ ತೊಡೆಯ ಮೇಲೆ ಬಲವಂತವಾಗಿ ಕೂರಿಸದಿರುವುದರಿಂದ ಇದು ಆರಂಭವಾಗುತ್ತದೆ. ಹೆಣ್ಣು ನೋಡುವ ಶಾಸ್ತ್ರದ ದಿನ ಬಂದವರು ಎದ್ದು ಹೋದ ಮೇಲೆ, ಮಗಳನ್ನು ಹಿತ್ತಲಿಗೆ ಕರೆದು, "ನಿನಗೇನನ್ನಿಸಿತವ್ವ?" ಎಂದು ತಂದೆ ಕೇಳುವುದರಿಂದ ಇದು ಬೆಳೆಯುತ್ತದೆ. ಕಾಲೇಜಿನಿಂದ ಅಳುತ್ತಾ ಬಂದ ಮಗಳಿಗೆ, "ನಿನ್ನ ಓದು ನಿಲ್ಲೋದಿಲ್ಲ, ಹೇಳು" ಎಂಬ ಒಂದು ಮಾತು ಸಿಕ್ಕಿದರೆ ಆಕೆ ಮೌನ ಮುರಿಯುತ್ತಾಳೆ. ಆ ಮಾತನ್ನು ಆಕೆಗೆ ಕೊಡಬೇಕಾದವರು ಮೊದಲು ನೀವು, ಆಮೇಲೆ ಕಾನೂನು.

ನಿಮ್ಮ ಅಭಿಪ್ರಾಯಗಳನ್ನು, ಒಪ್ಪದಿದ್ದರೆ ಭಿನ್ನಾಭಿಪ್ರಾಯಗಳನ್ನೂ, ಸಂಕೋಚವಿಲ್ಲದೆ ಬರೆದು ತಿಳಿಸಿ. ಎಲ್ಲರಿಗೂ ಶುಭವಾಗಲಿ.